ಲ್ಯಾಪ್‌ಟಾಪಿಗೆ ವಿಂಡೋಸ್ ‘ಲಿಂಕ್’ ಮಾಡಿ ಮಾರೋದನ್ನ ನಿಲ್ಲಿಸಿ: ಹಾಸನದಿಂದ ಒಂದು ಬಹಿರಂಗ ಪತ್ರ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಹಾಗೇ ಹೊಸ ಕಂಪ್ಯೂಟರ್ ತಗೊಳ್ಳೋಕೆ ಹೊರಟಿರೋ ಎಲ್ಲರಿಗೂ,

ನಮಸ್ಕಾರ.

ನಾನು ಹಾಸನದಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು, ಪಹಣಿ ತೆಗೆದುಕೊಡೋದು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕಿಕೊಡೋದು, ಜೆರಾಕ್ಸು, ಇದೇ ನಮ್ಮ ಕೆಲ್ಸ. ಹತ್ತೊಂಬತ್ತು ವರ್ಷದಿಂದ ಬೆಳಗ್ಗೆ ಎದ್ರೆ ಕಂಪ್ಯೂಟರ್ ಮುಂದೆ ಕೂರೋನು, ಹಾಗಾಗಿ ಈ ವಿಷ್ಯ ಮಾತಾಡೋಕೆ ನಂಗೆ ಹಕ್ಕಿದೆ ಅಂದ್ಕೊಂಡಿದೀನಿ.

ಈ ಪತ್ರ ಬರೀತಿರೋದು ಒಂದು ಬಿಲ್ಲಿನ ಬಗ್ಗೆ. ನಮ್ಮಣ್ಣನ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ್ವಿ, ಅದರ ಬಿಲ್ಲು ಈಗ ನನ್ನ ಕೀಬೋರ್ಡ್ ಪಕ್ಕದಲ್ಲೇ ಇದೆ. ಒಂದೇ ಸಾಲು. ಮಾಡೆಲ್ ನಂಬರು, ಸೀರಿಯಲ್ ನಂಬರು, ಜಿಎಸ್‌ಟಿ 18 ಪರ್ಸೆಂಟು, ಒಟ್ಟು 54,500 ರೂಪಾಯಿ. ಆ ದುಡ್ಡೊಳಗೆ ಕಂಪ್ಯೂಟರ್ ನಡೆಸೋ ಮೈಕ್ರೋಸಾಫ್ಟ್ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಆದ ವಿಂಡೋಸ್‌ಗೆ ಅಂತ ಎಷ್ಟು ಹೋಯ್ತು ಅನ್ನೋದು ಬಿಲ್ಲಲ್ಲೂ ಇಲ್ಲ, ಡಬ್ಬದ ಮೇಲೂ ಇಲ್ಲ. ಅದೇ ಚಿನ್ನದಂಗಡಿಗೆ ಹೋಗಿ ಎರಡು ಗ್ರಾಮಿನ ಓಲೆ ತಗೊಳ್ಳಿ, ಚಿನ್ನ ಎಷ್ಟು, ವೇಸ್ಟೇಜ್ ಎಷ್ಟು, ಮೇಕಿಂಗ್ ಚಾರ್ಜ್ ಎಷ್ಟು, ಹಾಲ್‌ಮಾರ್ಕಿಗೆ ಎಷ್ಟು ಅಂತ ಒಂದೊಂದೂ ಬಿಡಿಸಿ ಬರೆದು ಕೊಡ್ತಾರೆ.

ನಮ್ಮ ಕಡೆ ‘ಲಿಂಕ್’ ಅನ್ನೋ ಮಾತು ರೈತರಿಗೆಲ್ಲ ಗೊತ್ತು. ಮುಂಗಾರಿಗೆ ಮುಂಚೆ ನಾಲ್ಕು ಮಳೆ ಬಿದ್ದು ಆಲೂಗೆಡ್ಡೆ ಹಾಕೋ ಟೈಮ್ ಬಂತು ಅಂದ್ರೆ ಗೊಬ್ಬರದಂಗಡಿ ಮುಂದೆ ಡಿಎಪಿಗೆ ಯೂರಿಯಾಗೆ ಕ್ಯೂ ನಿಲ್ತಾರೆ, ಪಾಳಿ ಬಂದು ಒಳಗೆ ಹೋದ್ರೆ ಅಂಗಡಿಯವ್ರು ಬರೀ ಯೂರಿಯಾ ಕೊಡಕ್ಕಾಗಲ್ಲ ಗೌಡ್ರೆ, ಜೊತೆಗೆ ಈ ಬಾಟ್ಲು ತಗೋಬೇಕು, ಈ ಪ್ಯಾಕೆಟ್ ತಗೋಬೇಕು, ನಮಗೆ ಮೇಲಿಂದ್ಲೇ ಲಿಂಕ್ ಮಾಡಿ ಕಳ್ಸಿದಾರೆ ಅಂತಾರೆ. ರೈತ ಏನು ಮಾಡ್ತಾನೆ, ಬಿತ್ತನೆ ನಿಲ್ಲುತ್ತಾ, ದುಡ್ಡು ಕೊಟ್ಟು ಬೇಡದ ಬಾಟ್ಲನ್ನೂ ಹೊತ್ಕೊಂಡು ಬರ್ತಾನೆ, ಅದು ಕೊಟ್ಟಿಗೆ ಅಟ್ಟದ ಮೇಲೆ ಧೂಳು ತಿಂತಾ ಬಿದ್ದಿರುತ್ತೆ. ಇದು ತಪ್ಪು ಅಂತ ಸರ್ಕಾರಾನೇ ಹೇಳುತ್ತೆ. ಲಿಂಕ್ ಮಾಡಿದ್ರೆ ಲೈಸೆನ್ಸ್ ರದ್ದು ಮಾಡ್ತೀವಿ ಅಂತ ಕೃಷಿ ಇಲಾಖೆಯವ್ರು ಪೇಪರಲ್ಲಿ ಹೇಳಿಕೆ ಕೊಡ್ತಾರೆ.

ಲ್ಯಾಪ್‌ಟಾಪಿಗೆ ವಿಂಡೋಸ್ ಸೇರಿಸಿ ಮಾರೋದಕ್ಕೂ ಇದಕ್ಕೂ ನಂಗೆ ಯಾವ ವ್ಯತ್ಯಾಸಾನೂ ಕಾಣ್ತಿಲ್ಲ.

ನಡೆದಿದ್ದು ಹೇಳ್ತೀನಿ. ಅಣ್ಣ ಇರೋದು ಆಲೂರು ತಾಲ್ಲೂಕಲ್ಲಿ, ಗದ್ದೆ ಒಂಚೂರು, ಶುಂಠಿ, ಮನೆ ಹಿಂದೆ ಸ್ವಲ್ಪ ಕಾಫಿ. ಮಗಳು ಹಾಸನದಲ್ಲೇ ಇಂಜಿನಿಯರಿಂಗು, ಕಂಪ್ಯೂಟರ್ ಸೈನ್ಸು. ಮೊದಲನೇ ವರ್ಷ ಲ್ಯಾಬಲ್ಲೇ ಹೆಂಗೋ ಮಾಡ್ಕೊಂಡ್ಲು, ಎರಡನೇ ವರ್ಷಕ್ಕೆ ಸ್ವಂತದ್ದು ಬೇಕೇ ಬೇಕು ಅಂತಾಯ್ತು, ಶುಂಠಿ ಮಾರಿದ ದುಡ್ಡು ತಂದು ಅಣ್ಣ ನನ್ನ ಕೈಗೆ ಕೊಟ್ಟ. ಹುಡುಗಿ ಚಿಕ್ಕವಳಿದ್ದಾಗಿಂದ ನನ್ನ ಅಂಗಡೀಲಿ ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ನೋಡ್ಕೊಂಡೇ ಬೆಳೆದವಳು, ಲ್ಯಾಬಲ್ಲೂ ಅದೇ ಥರದ ಉಬುಂಟು, ಹಾಗಾಗಿ ಅವಳು ಶೋರೂಮಿಗೆ ಹೋದ ತಕ್ಷಣ ಕೇಳಿದ್ದೇ “ಇದೇ ಮಾಡೆಲ್ ವಿಂಡೋಸ್ ಇಲ್ದೆ ಇದ್ಯಾ” ಅಂತ. ಸೇಲ್ಸ್ ಹುಡುಗ “ಇಲ್ಲ ಮೇಡಂ, ಎಲ್ಲದ್ರಲ್ಲೂ ಬಂದೇ ಬರುತ್ತೆ, ಫ್ರೀ” ಅಂದ. ಫ್ರೀ ಆಗಿದ್ರೆ ತೆಗೆದ್ರೆ ಬೆಲೆ ಕಮ್ಮಿ ಆಗಲ್ವಾ ಅಂದ್ರೆ ಮ್ಯಾನೇಜರ್ ಬಂದ್ರು, ಪಾಪ ಅವ್ರೂ ಒಳ್ಳೇ ಮನುಷ್ಯರೇ, “ಸಾರ್, ಕಂಪನಿಯಿಂದ ಸೀಲ್ ಆಗಿ ಬರೋ ಡಬ್ಬ, ನಾವೇನು ಮಾಡೋಕಾಗುತ್ತೆ” ಅಂದ್ರು. ಗೊಬ್ಬರದಂಗಡಿಯವ್ರು ಮೇಲಿಂದ ಲಿಂಕ್ ಬಂದಿದೆ ಅಂತಾರಲ್ಲ, ಥೇಟ್ ಅದೇ ಮಾತು.

ಊರಿಗೆ ತಗೊಂಡು ಹೋಗಿ ಡಬ್ಬ ಬಿಚ್ಚಿದ್ವಿ. ಅಣ್ಣನ ಮನೇಲಿ ಸಿಗ್ನಲ್ ಸಿಗೋದು ಕಣದ ಹತ್ರ ಮಾತ್ರ. ಹೋಮ್ ಎಡಿಷನ್ ವಿಂಡೋಸ್ 11 ಇಂಟರ್ನೆಟ್ ಇಲ್ದೆ, ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗ್ದೆ ಮುಂದಕ್ಕೆ ಬಿಡಲ್ಲ, ಅದಕ್ಕೆ ಲ್ಯಾಪ್‌ಟಾಪ್‌ನ ಕಣಕ್ಕೆ ಎತ್ಕೊಂಡು ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲಿಟ್ಟು ಅಣ್ಣನ ಫೋನಿಂದ ಹಾಟ್‌ಸ್ಪಾಟ್ ಆನ್ ಮಾಡಿದ್ವಿ, ಅದು ಅಪ್‌ಡೇಟ್ ಎಳೀತಾ ಎಳೀತಾ ಆವತ್ತಿನ ಡೇಟಾ ಮುಕ್ಕಾಲು ಭಾಗ ಅಲ್ಲೇ ಮುಗೀತು. ಆಮೇಲೆ ಲೈಸೆನ್ಸ್ ಕರಾರು ಬಂತು, ಉದ್ದಕ್ಕೆ ಇಂಗ್ಲಿಷಲ್ಲಿ. ಕೆಳಗೆ ‘ಅಕ್ಸೆಪ್ಟ್’ ಅಂತ ಬಟನ್ನು. ಬೇಡ ಅನ್ನೋಕೆ ಬಟನ್ನೇ ಇಲ್ಲ. ಅಣ್ಣ ಪಕ್ಕದಲ್ಲಿ ನಿಂತಿದ್ದೋನು “ಇದೇನ್ಲಾ, ಒಪ್ಕೊಳ್ದಿದ್ರೆ ಏನ್ಮಾಡ್ಬೇಕು” ಅಂದ.

ಒಪ್ಪದಿದ್ರೆ ಏನು ಮಾಡ್ಬೇಕು ಅಂತ ಅದೇ ಕರಾರಲ್ಲಿ ಬರ್ದಿದೆ. ನೀವು ಈ ಷರತ್ತುಗಳನ್ನ ಒಪ್ಪದೇ ಇದ್ರೆ ಸಾಫ್ಟ್‌ವೇರ್ ಬಳಸೋ ಹಾಗಿಲ್ಲ, ಯಂತ್ರ ತಯಾರು ಮಾಡಿದ ಕಂಪನಿಯವ್ರನ್ನ ಕೇಳಿ ಅವ್ರ ರಿಟರ್ನ್ ಪಾಲಿಸಿ ಏನಿದ್ಯೋ ಆ ಪ್ರಕಾರ ಸಾಫ್ಟ್‌ವೇರನ್ನೋ ಯಂತ್ರವನ್ನೋ ವಾಪಸ್ ಕೊಟ್ಟು ದುಡ್ಡು ಪಡೀಬಹುದು ಅನ್ನೋ ಅರ್ಥದ ಮಾತು. ಅಂದ್ರೆ ಅವ್ರೇ ಬರೆದಿರೋ ಕಾಗದದಲ್ಲಿ ವಾಪಸ್ಸಿನ ಮಾತಿದೆ. ಸರಿ, ಹುಡುಗಿ ಅಕ್ಸೆಪ್ಟ್ ಒತ್ತಲಿಲ್ಲ. ಅಲ್ಲೇ ಆಫ್ ಮಾಡಿ ಮಾರನೇ ದಿನ ಹೆಲ್ಪ್‌ಲೈನಿಗೆ ಫೋನ್ ಮಾಡಿದ್ವಿ. ಮೊದಲನೇ ಸಲ ಎತ್ತಿದೋರು ತಗೊಂಡ ಅಂಗಡೀಲೇ ಕೇಳಿ ಅಂದ್ರು. ಅಂಗಡಿಯವ್ರು ಅದು ಕಂಪನಿ ಪಾಲಿಸಿ, ನಮ್ಮ ಕೈಲಿಲ್ಲ ಅಂದ್ರು. ಎರಡನೇ ಸಲ ಫೋನಲ್ಲಿ ಸಿಕ್ಕಿದೋರು ಲ್ಯಾಪ್‌ಟಾಪನ್ನೇ ಪೂರ್ತಿ ವಾಪಸ್ ಕೊಡ್ಬೇಕಾಗುತ್ತೆ, ಆದ್ರೆ ಸೀಲ್ ಒಡೆದಿದೀರಲ್ಲ ಅಂದ್ರು. ಸೀಲ್ ಒಡೀದೆ ಕರಾರು ಓದೋದು ಹೆಂಗೆ, ಕರಾರು ಓದ್ದೆ ಬೇಡ ಅನ್ನೋದು ಹೆಂಗೆ ಹೇಳಿ. ಮೂರನೇ ಸಲ ನಾನು ವಾಪಸ್ಸಿನ ಮಾತು ಬಿಟ್ಟು ಒಂದೇ ಪ್ರಶ್ನೆ ಕೇಳ್ದೆ, ಈ 54,500ರಲ್ಲಿ ವಿಂಡೋಸಿಗೆ ಎಷ್ಟು ಅಂತ. “ಆ ಮಾಹಿತಿ ನಮ್ಮ ಹತ್ರ ಇರಲ್ಲ ಸರ್.” ಅಷ್ಟೇ. ಅಷ್ಟೊತ್ತಿಗೆ ಕಾಲೇಜ್ ಶುರುವಾಗೋಕೆ ನಾಲ್ಕು ದಿನ ಇತ್ತು, ಹುಡುಗಿ ಮುಖ ಸಣ್ಣದಾಗಿತ್ತು, “ಬಿಡಿ ಚಿಕ್ಕಪ್ಪ, ಹೋಗ್ಲಿ” ಅಂದ್ಲು. ಡಿಸ್ಕ್ ಅಳಿಸಿ ಮಿಂಟ್ ಹಾಕ್ಕೊಟ್ಟೆ. ದುಡ್ಡು ಕೊಟ್ಟ ವಿಂಡೋಸು ಒಂದೇ ಒಂದು ದಿನ ಬಳಸದೆ ಹಂಗೇ ಹೋಯ್ತು.

ಮಾನ್ಯರೇ, ಹೋಗ್ಲಿ ಬಿಡಿ ಅನ್ನೋ ಈ ಮಾತಿನ ಮೇಲೇ ಇಡೀ ವ್ಯವಹಾರ ನಿಂತಿದೆ ಅಂತ ನಂಗನ್ನಿಸುತ್ತೆ. ಒಬ್ಬೊಬ್ಬರಿಗೆ ಹೋಗೋದು ಎರಡೋ ಮೂರೋ ಸಾವಿರ ಇರ್ಬಹುದು, ಅಷ್ಟಕ್ಕೆ ಯಾರು ಕೋರ್ಟು ಕಚೇರಿ ಅಲೀತಾರೆ. ಬಿಡಿಯಾಗಿ ಕೊಂಡ್ರೆ ವಿಂಡೋಸ್ ಹೋಮ್ ಹತ್ತು ಸಾವಿರದ ಆಸುಪಾಸಲ್ಲಿದೆ, ಲ್ಯಾಪ್‌ಟಾಪ್ ಕಂಪನಿಗಳಿಗೆ ಸಗಟಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಸಿಗುತ್ತೆ, ಎಷ್ಟಕ್ಕೆ ಅನ್ನೋದು ಅವರವರ ಗುಟ್ಟು. ಇಟಲಿಯಲ್ಲಿ ಒಬ್ಬ ಗ್ರಾಹಕ ಹಟ ಹಿಡಿದು ಮೊಂಜಾ ಅನ್ನೋ ಊರಿನ ಕೋರ್ಟಿಗೆ ಹೋದಾಗ ಲೆನೊವೊ ಕಂಪನಿ ವಿಂಡೋಸಿನ ಬಾಬ್ತು 42 ಯೂರೋ ವಾಪಸ್ ಕೊಡ್ಬೇಕಾಯ್ತು, ಮೇಲ್ಮನವಿ ಹಾಕಿ ಸತಾಯಿಸಿದ್ದಕ್ಕೆ 2020ರ ಕೊನೇಲಿ ಕೋರ್ಟು 20,000 ಯೂರೋ ಪರಿಹಾರ ಕೊಡಿ ಅಂತ ಆದೇಶ ಮಾಡ್ತು. ಅಲ್ಲಿ 2014ರಲ್ಲೇ ಅವ್ರ ಸುಪ್ರೀಂ ಕೋರ್ಟ್ ಇಂಥ ವಾಪಸ್ಸು ಗ್ರಾಹಕನ ಹಕ್ಕು ಅಂತ ಹೇಳಿತ್ತು.

ಈ ಪದ್ಧತಿಯ ಬೇರು ಹಳೇದು. 1990ರ ಆಚೀಚೆ ಮೈಕ್ರೋಸಾಫ್ಟು ಕಂಪ್ಯೂಟರ್ ಮಾಡೋ ಕಂಪನಿಗಳ ಜೊತೆ ‘ಪರ್ ಪ್ರೊಸೆಸರ್’ ಅನ್ನೋ ಲೈಸೆನ್ಸ್ ಒಪ್ಪಂದ ಮಾಡ್ಕೋತಿತ್ತು. ಅಂದ್ರೆ ನೀವು ಕಾರ್ಖಾನೆಯಿಂದ ಎಷ್ಟು ಯಂತ್ರ ಹೊರಗೆ ಕಳಿಸ್ತೀರೋ ಅಷ್ಟಕ್ಕೂ ನಮಗೆ ದುಡ್ಡು ಕೊಡ್ಬೇಕು, ಅದರಲ್ಲಿ ನಮ್ಮ ಸಾಫ್ಟ್‌ವೇರ್ ಇರ್ಲಿ ಬಿಡ್ಲಿ. ಹಂಗಾದ್ಮೇಲೆ ಬೇರೆಯವ್ರ ಸಿಸ್ಟಮ್ ಹಾಕಿದ್ರೆ ಎರಡೆರಡು ಸಲ ಖರ್ಚು, ಯಾರು ಹಾಕ್ತಾರೆ? 1994ರಲ್ಲಿ ಅಮೆರಿಕಾ ಸರ್ಕಾರ ಇದನ್ನ ಕೈಗೆತ್ತಿಕೊಂಡು ಆ ಥರ ಒಪ್ಪಂದ ನಿಲ್ಲಿಸ್ತು. ಒಪ್ಪಂದ ನಿಲ್ತು, ಆದ್ರೆ ಅಭ್ಯಾಸ ನಿಲ್ಲಲಿಲ್ಲ. ಈಗ ಸಗಟು ರಿಯಾಯ್ತಿ ಇದೆ, ಒಂದೇ ಥರ ಸಾಫ್ಟ್‌ವೇರ್ ತುಂಬಿದ್ರೆ ಕಾರ್ಖಾನೆಗೆ ಸಲೀಸು, ಜೊತೆಗೆ 30 ದಿನದ ಆಂಟಿವೈರಸ್ಸು ಅದು ಇದು ತುರುಕೋಕೆ ಆ ಕಂಪನಿಗಳು ಲ್ಯಾಪ್‌ಟಾಪ್ ಕಂಪನಿಗೆ ದುಡ್ಡು ಕೊಡ್ತಾವೆ. ಆ ಆಂಟಿವೈರಸ್ ಟ್ರಯಲ್ ಮುಗಿದ ದಿನ ಪರದೆ ಮೇಲೆ ಕೆಂಪಗೆ ಹೆದ್ರಿಸೋ ಡಬ್ಬ ಬರುತ್ತೆ, ಅದನ್ನ ನೋಡಿ ಗಾಬರಿಯಾಗಿ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಕೊಂಡು ಓಡಿ ಬರೋ ಮೇಷ್ಟ್ರುಗಳನ್ನ, ವಯಸ್ಸಾದೋರನ್ನ ನಾನು ತಿಂಗಳಿಗೆ ನಾಲ್ಕು ಜನನಾದ್ರೂ ನೋಡ್ತೀನಿ.

ಈಗ ನಿಮ್ಮ ವಿಷ್ಯಕ್ಕೆ ಬರ್ತೀನಿ. ನಿಮ್ಮ ಕೈಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದರ ಸೆಕ್ಷನ್ 2(41)ರಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ ಅಂದ್ರೇನು ಅಂತ ಬರ್ದಿದಾರೆ, ಒಂದು ವಸ್ತು ಕೊಳ್ಳೋಕೆ ಇನ್ನೊಂದು ವಸ್ತುನೋ ಸೇವೆನೋ ಕೊಳ್ಳಲೇಬೇಕು ಅಂತ ಷರತ್ತು ಹಾಕೋದೂ ಅದರೊಳಗೆ ಬರುತ್ತೆ. ಇದನ್ನ ಓದಿದಾಗ ನಂಗೆ ನಮ್ಮೂರ ಗೊಬ್ಬರದಂಗಡೀನೂ ಲ್ಯಾಪ್‌ಟಾಪ್ ಶೋರೂಮೂ ಒಟ್ಟಿಗೇ ಕಣ್ಮುಂದೆ ಬಂದ್ವು. 2(9)ರಲ್ಲಿ ಗ್ರಾಹಕನ ಹಕ್ಕುಗಳಿವೆ, ಬೆಲೆ ಏನು ಅಂತ ತಿಳ್ಕೊಳ್ಳೋದೂ ಅದರಲ್ಲಿ ಒಂದು. ವಿಂಡೋಸ್ ಅನ್ನೋದು ಬೇರೆ ಕಂಪನಿ ಮಾಡಿದ ಬೇರೆ ಸರಕು, ಬೇರೆ ಕರಾರು, ಬೇರೆ ಲೈಸೆನ್ಸು, ಅಂಗಡೀಲಿ ಬೇರೆಯಾಗೂ ಸಿಗುತ್ತೆ. ಅದರ ಬೆಲೆ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ ಅಂದ್ರೆ ಆ ಹಕ್ಕು ಎಲ್ಲಿ ಉಳೀತು?

ಹೋಟೆಲ್ ಬಿಲ್ಲಲ್ಲಿ ಕೇಳದೇನೇ ಸರ್ವಿಸ್ ಚಾರ್ಜ್ ಸೇರಿಸ್ಬಾರ್ದು ಅಂತ 2022ರ ಜುಲೈನಲ್ಲಿ ಮಾರ್ಗಸೂಚಿ ತಂದೋರು ನೀವೇ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದ್ವು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟು ನಿಮ್ಮ ಪರವಾಗೇ ಹೇಳ್ತು. 2023ರ ನವೆಂಬರಲ್ಲಿ ಆನ್‌ಲೈನ್ ವ್ಯಾಪಾರದ 13 ಥರದ ಮೋಸದ ವಿನ್ಯಾಸಗಳ ಪಟ್ಟಿ ಮಾಡಿದ್ರಿ, ಗ್ರಾಹಕ ಕೇಳದ ವಸ್ತುನ ಬುಟ್ಟಿಗೆ ಸೇರಿಸೋದು, ಬೇಕಾದ್ದನ್ನ ಕೊಳ್ಳೋಕೆ ಬೇಡದ್ದಕ್ಕೆ ಸೈನ್ ಅಪ್ ಮಾಡಿಸೋದು ಎರಡೂ ಅದರಲ್ಲಿವೆ. ಆ ಪಟ್ಟಿ ಓದಿ ನಾನು ಖುಷಿಪಟ್ಟಿದ್ದೆ ಸ್ವಾಮಿ. ಕೇಳದ ಸರ್ವಿಸ್ ಚಾರ್ಜು ತಪ್ಪಾದ್ರೆ ಕೇಳದ ವಿಂಡೋಸೂ ತಪ್ಪೇ. ಫೋನಿನ ವಿಷ್ಯದಲ್ಲೂ ನಮ್ಮ ದೇಶ ಸುಮ್ನಿರ್ಲಿಲ್ಲ, ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆಪ್‌ಗಳನ್ನ ಮೊದಲೇ ಹಾಕಿರ್ಬೇಕು ಅಂತ ಒತ್ತಾಯ ಮಾಡಿದ್ದೂ ಸೇರಿ ಕೆಲವು ಕಾರಣಕ್ಕೆ 2022ರ ಅಕ್ಟೋಬರಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ದಂಡ ಹಾಕ್ತು, ಮುಂದಿನ ವರ್ಷ ಮೇಲ್ಮನವಿಯಲ್ಲಿ ಕೆಲವು ನಿರ್ದೇಶನ ಬಿದ್ದುಹೋದ್ರೂ ದಂಡ ನಿಲ್ತು. ಕಂಪ್ಯೂಟರಿನ ಬಗ್ಗೆ ಮಾತ್ರ ಯಾಕೆ ಈ ಮೌನ?

ಇದಕ್ಕೆ ಎದುರು ವಾದ ಇದೆ, ಅದನ್ನ ಮುಚ್ಚಿಡಲ್ಲ. 2016ರಲ್ಲಿ ಯುರೋಪಿನ ನ್ಯಾಯಾಲಯ, ಫ್ರಾನ್ಸಿನ ಒಬ್ಬ ಗ್ರಾಹಕ ಸೋನಿ ಲ್ಯಾಪ್‌ಟಾಪ್ ತಗೊಂಡಿದ್ದ ಕೇಸಲ್ಲಿ, ಸಾಫ್ಟ್‌ವೇರ್ ಸೇರಿಸಿ ಮಾರೋದು ಅಷ್ಟರಿಂದ್ಲೇ ಅನ್ಯಾಯದ ವ್ಯಾಪಾರ ಆಗಲ್ಲ, ಒಂದೊಂದರ ಬೆಲೆ ಬಿಡಿಸಿ ಹೇಳದಿದ್ರೂ ಅದು ದಾರಿ ತಪ್ಪಿಸಿದ ಹಾಗಲ್ಲ ಅಂತು. ಹೆಚ್ಚಿನ ಜನಕ್ಕೆ ರೆಡಿಯಾಗಿರೋ ಯಂತ್ರಾನೇ ಬೇಕು ಅನ್ನೋದು ಅದರ ಹಿಂದಿರೋ ವಿಚಾರ. ಜನಕ್ಕೆ ರೆಡಿ ಯಂತ್ರ ಬೇಕು ಅನ್ನೋದು ನಿಜ, ನಾನೇ ದಿನಾ ನೋಡ್ತೀನಿ. ಆದ್ರೆ ಬೇಕಾದೋರು ತಗೊಳ್ಳೋದಕ್ಕೂ ಬೇಡದೋರ ಹತ್ರ ದುಡ್ಡು ಕಿತ್ಕೊಳ್ಳೋದಕ್ಕೂ ಏನು ಸಂಬಂಧ? ನಮ್ಮ ಕಾಯ್ದೆಯ ಮಾತು ನಮ್ಮದೇ, ಅದನ್ನ ಯುರೋಪಿನ ತೀರ್ಪಿಗೆ ಕಟ್ಟಬೇಕಾಗಿಲ್ಲ.

ಇನ್ನೊಂದು ಮಾತು ಹೇಳ್ತಾರೆ, ವಿಂಡೋಸ್ ಇಲ್ದೆ ಮಾರಿದ್ರೆ ಜನ ಕಳ್ಳ ಕಾಪಿ ಹಾಕಿಸ್ಕೋತಾರೆ ಅಂತ. ಇದು ನಮ್ಮೂರಲ್ಲಿ ನಡೆಯೋದೇ. ಕೆಲವು ಮಾಡೆಲ್ ‘ಡಾಸ್’ ಅಂತ ಬರ್ತಾವೆ, ಫ್ರೀಡಾಸ್ ಅನ್ನೋ ಹಳೇ ಕಾಲದ ಕಪ್ಪು ಪರದೆ, ಆನ್ ಮಾಡಿದ್ರೆ ಒಂದು ಗೆರೆ ಮಿನುಗ್ತಾ ಇರುತ್ತೆ. ತಗೊಂಡೋರು ಕೆಟ್ಟುಹೋಗಿದೆ ಅಂದ್ಕೊಂಡು ಯಾರ ಹತ್ರನಾದ್ರೂ ಹೋಗ್ತಾರೆ, ಐನೂರು ರೂಪಾಯಿಗೆ ಕಳ್ಳ ವಿಂಡೋಸು, ಲೈಸೆನ್ಸ್ ಇಲ್ದೇನೇ ಅದನ್ನ ಚಾಲೂ ಮಾಡೋ ಆಕ್ಟಿವೇಟರ್ ಸಮೇತ. ಆ ಆಕ್ಟಿವೇಟರ್ ಜೊತೆ ಏನೇನು ಬಂದು ಕೂತಿರುತ್ತೋ, ಒಬ್ಬ ಫೋಟೋಗ್ರಾಫರ್ ಹುಡುಗನ ಎರಡು ವರ್ಷದ ಮದುವೆ ಫೋಟೋಗಳೆಲ್ಲ ಲಾಕ್ ಆಗಿ ದುಡ್ಡು ಕೇಳೋ ಮೆಸೇಜ್ ಬಂದಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ, ಒಂದೂ ವಾಪಸ್ ಬರ್ಲಿಲ್ಲ. ಹಾಗಾಗಿ ಕಳ್ಳ ಕಾಪಿ ಪರವಾಗಿ ನಾನು ಒಂದಕ್ಷರಾನೂ ಬರೆಯಲ್ಲ. ಆದ್ರೆ ಜನ ಅಲ್ಲಿಗೆ ಹೋಗೋದು ಯಾಕಂದ್ರೆ ಅವ್ರಿಗೆ ಬೇರೆ ದಾರಿ ಇದೆ ಅಂತಾನೇ ಯಾರೂ ಹೇಳಿರಲ್ಲ. ಖಾಲಿ ಡಾಸ್ ಬದ್ಲು ಉಬುಂಟುನೋ, ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನವ್ರೇ ಮಾಡಿರೋ ಬಾಸ್ ಲಿನಕ್ಸೋ ಹಾಕಿ, ಅಂಗಡೀಲಿ ಆನ್ ಮಾಡಿ ತೋರಿಸಿದ್ರೆ ಅರ್ಧ ಜನಕ್ಕೆ ಅಷ್ಟೇ ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸಲ್ಲೇ ಕಂಪ್ಯೂಟರ್ ಕಲೀತಾರೆ, 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿದ್ದು ಈಗ ಕೈಟ್ ಅನ್ನೋ ಸಂಸ್ಥೆಯಾಗಿ ನಡೀತಿದೆ.

ವಿಂಡೋಸ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನನ್ನ ಅಂಗಡೀಲೇ ಒಂದು ಯಂತ್ರದಲ್ಲಿ ಇದೆ, ಲೈಸೆನ್ಸ್ ಸಮೇತ. ಕೋರೆಲ್ ಡ್ರಾ ಬೇಕು, ಟ್ಯಾಲಿ ಬೇಕು, ಹಳೇ ನುಡಿ ಫಾಂಟಲ್ಲಿ ಮಾಡಿಟ್ಟಿರೋ ಸಾವಿರಾರು ಲಗ್ನಪತ್ರಿಕೆ ಫೈಲುಗಳಿವೆ. ಬೇಕಾದ ಕಡೆ ದುಡ್ಡು ಕೊಟ್ಟು ತಗೋತೀನಿ, ಬೇಸರ ಇಲ್ಲ. ಉಳಿದ ಎರಡರಲ್ಲಿ ಮಿಂಟು. ಕನ್ನಡ ಟೈಪ್ ಮಾಡೋಕೆ ಏನೂ ತೊಂದ್ರೆ ಇಲ್ಲ, ಕೆ.ಪಿ. ರಾವ್ ಅವ್ರು ರೂಪಿಸಿದ ಕೀಲಿಮಣೆ, ನುಡೀಲಿ ನಾವೆಲ್ಲ ಕಲಿತಿದ್ದು ಅದೇ, ಲಿನಕ್ಸಲ್ಲೂ ಇದೆ, ಈ ಪತ್ರ ಟೈಪ್ ಮಾಡ್ತಿರೋದೂ ಅದರಲ್ಲೇ.

ಆ ಎರಡು ಯಂತ್ರಗಳ ಕಥೆನೂ ಇದಕ್ಕೆ ಸೇರಿದ್ದೇ. ಅವೂ ಬರುವಾಗ ವಿಂಡೋಸ್ ಸಮೇತ ಬಂದಿದ್ವು, ದುಡ್ಡು ಕೊಟ್ಟಿದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರ್ಬೇಕು, ಪ್ರೊಸೆಸರ್ ಇಂಥಾ ಪೀಳಿಗೆದೇ ಇರ್ಬೇಕು, ನನ್ನವು ಅದಕ್ಕಿಂತ ಹಳೇವು. ಯಂತ್ರ ಗಟ್ಟಿಯಾಗಿದೆ, ದಿನಕ್ಕೆ ಹತ್ತು ಗಂಟೆ ಓಡುತ್ತೆ. ಹೊಸದು ತಗೊಂಡ್ರೆ ಆ ಹಳೇ ಲೈಸೆನ್ಸ್ ಹೊಸದಕ್ಕೆ ಬರಲ್ಲ, ಯಂತ್ರದ ಜೊತೆ ಬಂದಿದ್ದು ಆ ಯಂತ್ರಕ್ಕೇ ಸೀಮಿತ, ಇನ್ನೊಂದು ಸಲ ದುಡ್ಡು ಕೊಟ್ಟು ಕೊಳ್ಳಲೇಬೇಕು. ನಾನು ಒಂದು ಸಣ್ಣ ಅಂಗಡಿಗೆ ಹತ್ತೊಂಬತ್ತು ವರ್ಷದಲ್ಲಿ ಆರು ಸಲ ವಿಂಡೋಸ್ ಕೊಂಡಿದೀನಿ, ಅದರಲ್ಲಿ ನಾನು ಕೇಳಿ ತಗೊಂಡಿದ್ದು ಎರಡೇ ಸಲ.

ನಾನು ಕೇಳೋದು ದೊಡ್ಡದೇನಲ್ಲ. ಮೊದಲನೇದಾಗಿ ಬಿಲ್ಲಲ್ಲಿ ಎರಡು ಸಾಲು ಬರ್ಲಿ, ಯಂತ್ರಕ್ಕೆ ಇಷ್ಟು, ಆಪರೇಟಿಂಗ್ ಸಿಸ್ಟಮ್‌ಗೆ ಇಷ್ಟು, ಡಬ್ಬದ ಮೇಲೆ ಎಂಆರ್‌ಪಿ ಹಾಕ್ತಾರಲ್ಲ ಅದರ ಪಕ್ಕದಲ್ಲೂ ಇರ್ಲಿ. ಕಂಪನಿಯವ್ರು ಅಯ್ಯೋ ಅದಕ್ಕೆ ನಾವೇನೂ ಜಾಸ್ತಿ ತಗೊಳ್ಳಲ್ಲ, ಫ್ರೀ ಅಂದ್ರೆ ಆ ಸಾಲಲ್ಲಿ ಸೊನ್ನೆ ಅಂತ ಬರೆದು ಸಹಿ ಹಾಕ್ಲಿ. ಎರಡನೇದು, ಬೇಡ ಅನ್ನೋನಿಗೆ ಆ ಸಾಲಿನ ದುಡ್ಡು ತಗೊಂಡ ಅಂಗಡೀಲೇ ವಾಪಸ್ ಸಿಗ್ಬೇಕು, ಲ್ಯಾಪ್‌ಟಾಪ್ ವಾಪಸ್ ಕೇಳ್ಬಾರ್ದು, ಸೀಲ್ ಒಡೆದಿದೀರಿ ಅನ್ಬಾರ್ದು. ಲೈಸೆನ್ಸ್ ಕೀ ಯಂತ್ರದೊಳಗೇ ಇರುತ್ತೆ, ಯಾವ ಸೀರಿಯಲ್ ನಂಬರಿಗೆ ಯಾವ ಕೀ ಅನ್ನೋದು ಕಂಪನಿ ಹತ್ರ ಇದ್ದೇ ಇರುತ್ತೆ, ಅದನ್ನ ರದ್ದು ಮಾಡೋಕೆ ಅವ್ರಿಗೆ ಎಷ್ಟೊತ್ತು ಬೇಕು. ಮತ್ತೆ ಆ ಕರಾರಿನ ಪುಟದಲ್ಲಿ ಅಕ್ಸೆಪ್ಟ್ ಪಕ್ಕದಲ್ಲಿ ‘ಬೇಡ, ದುಡ್ಡು ವಾಪಸ್ ಕೊಡಿ’ ಅಂತ ಇನ್ನೊಂದು ಬಟನ್ ಇರ್ಲಿ, ಕನ್ನಡದಲ್ಲೂ ಇರ್ಲಿ. ತಂತ್ರಜ್ಞಾನದಲ್ಲಿ ಇದೆಲ್ಲ ಕಷ್ಟ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಯುರೋಪಿನವ್ರು ಒತ್ತಾಯ ಮಾಡಿದ್ಮೇಲೆ 2010ರಿಂದ ಅಲ್ಲಿನ ವಿಂಡೋಸಲ್ಲಿ ಯಾವ ಬ್ರೌಸರ್ ಬೇಕು ಆರಿಸ್ಕೊಳ್ಳಿ ಅನ್ನೋ ಪರದೆ ಬರ್ತಿತ್ತು. ನಡುವೆ ಒಂದಷ್ಟು ಕಾಲ ಅದು ಬರದೇ ಹೋಗಿದ್ದಕ್ಕೆ 2013ರಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು.

ಓದ್ತಿರೋ ಹಾಸನ, ಚಿಕ್ಕಮಗಳೂರು ಕಡೆಯ ಸ್ನೇಹಿತರಿಗೆ ಒಂದು ಮಾತು. ಮುಂದಿನ ಸಲ ಲ್ಯಾಪ್‌ಟಾಪ್ ತಗೊಳ್ಳೋಕೆ ಹೋದಾಗ ನಿಮಗೆ ವಿಂಡೋಸ್ ಬೇಕಿದ್ರೂ ಸರಿ, ಅದಕ್ಕೆ ಎಷ್ಟು ಅಂತ ಕೇಳಿ ನೋಡಿ. ಉತ್ತರ ಕೊಡದಿದ್ರೆ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಗ್ರಾಹಕ ಸಹಾಯವಾಣಿ ಅದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಇರ್ಲೇಬೇಕು ಅಂತಾನೂ ಇಲ್ಲ.

ಬಿಲ್ಲಿನ ನಕಲು, ಹೆಲ್ಪ್‌ಲೈನಿಗೆ ಮೂರು ಸಲ ಫೋನ್ ಮಾಡಿದ ದಿನಾಂಕ ಟೈಮು, ಕರಾರಿನ ಪುಟದ ಫೋಟೋ ಎಲ್ಲ ಲಗತ್ತಿಸಿ ಈ ಪತ್ರನ ನಿಮಗೆ ಸ್ಪೀಡ್ ಪೋಸ್ಟಲ್ಲೂ ಕಳಿಸಿದೀನಿ. ಅಣ್ಣ ಹೋದ ವಾರ ಸಂತೆಗೆ ಬಂದೋನು ಅಂಗಡಿಗೆ ಬಂದು ಕೂತು ಕಾಫಿ ಕುಡೀತಾ ಮತ್ತೆ ಅದನ್ನೇ ಕೇಳ್ದ, “ಅಲ್ಲ ಕಣ್ಲಾ, ಅದುಕ್ಕೆ ಎಷ್ಟ್ ಕೊಟ್ವಿ ಅಂತ ಗೊತ್ತಾಯ್ತಾ?” ಅವನಿಗೆ ಹೇಳೋಕೆ ನಂಗೆ ಒಂದು ಅಂಕಿ ಬೇಕು ಸ್ವಾಮಿ. ಅದನ್ನ ಕೊಡಿಸಿ.

ಇಂತಿ,
ಹಾಸನದ ಒಬ್ಬ ಡಿಟಿಪಿ ಅಂಗಡಿಯವನು